ಬಿದ್ದ ಕ್ಯಾಮೆರಾದ ಒಂಬತ್ತು ಟೇಪು

ಮಾರ್ಚ್ ೩, ಸೋಮವಾರ

ಹೇಳಿದ್ದನ್ನೆಲ್ಲ ನಾನು ಮರೆಯುತ್ತೇನೆ ಎಂದು ಇವಳ ದೂರು. ಮದುವೆಯಾಗಿ ಮೂವತ್ತನಾಲ್ಕು ವರ್ಷವಾದ ಮೇಲೆ ನನ್ನ ಹೆಂಡತಿ ಕಂಡುಹಿಡಿದ ಹೊಸ ರೋಗ ಇದು. ಯಾರು ಏನು ಹೇಳಿದರು, ನಾನು ಏನು ಮಾಡಿದೆ ಎಂಬುದಕ್ಕೆ ಸಾಕ್ಷಿ ಇರಲಿ ಎಂದು ಇವತ್ತಿನಿಂದ ಬರೆದಿಡುತ್ತೇನೆ. ರಿಪೇರಿ ರಶೀದಿಯ ಹಳೇ ಪುಸ್ತಕದಲ್ಲಿ ಹಾಳೆಗಳ ಹಿಂಬದಿ ಖಾಲಿ ಇದೆ. ಅಷ್ಟು ಸಾಕು.

ಮರೆವು ನನ್ನದಲ್ಲ. ಜನ ಈಗ ಮಾತಾಡುವುದೇ ಹಾಗೆ. ಬಾಯಿ ಬಿಟ್ಟರೆ ಮುತ್ತು ಉದುರಿಹೋಗುತ್ತದೆ ಎನ್ನುವಂತೆ ತುಟಿಯೊಳಗೇ ಗೊಣಗುತ್ತಾರೆ. ರೇಡಿಯೋದಲ್ಲಿ ವಾರ್ತೆ ಓದುವ ಹುಡುಗಿಯರಂತೂ ಸಂಬಳ ತೆಗೆದುಕೊಂಡು ಗೊಣಗುತ್ತಾರೆ. ಫೋನಿನ ವಿಷಯ ಬೇಡವೇ ಬೇಡ, ಅದನ್ನು ಇವಳಿಗೇ ಒಪ್ಪಿಸಿಬಿಟ್ಟಿದ್ದೇನೆ.

ಇವಳೂ ಈಚೆಗೆ ಮಾತು ಕಡಿಮೆ ಮಾಡಿದ್ದಾಳೆ. ಮೊದಲೆಲ್ಲ ನಾನು ಅಂಗಡಿ ಬಾಗಿಲು ತೆಗೆಯುವಷ್ಟರಲ್ಲಿ ಬೀದಿಯ ಸುದ್ದಿಯೆಲ್ಲ ಒಪ್ಪಿಸಿರುತ್ತಿದ್ದಳು. ಈಗ ಟೀ ತಂದಿಟ್ಟು ಹೋಗುತ್ತಾಳೆ. ಮಾತು ಬೆಳ್ಳಿ, ಮೌನ ಬಂಗಾರ. ವಯಸ್ಸು ಕಲಿಸಿರಬೇಕು.

ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ, ಅಷ್ಟೇ. ಟೇಪ್ ಹಾಕುವ ವಿಡಿಯೋ ಕ್ಯಾಮೆರಾ ರಿಪೇರಿ ಮಾಡುವವನು ಈ ಊರಿನಲ್ಲಿ ನಾನೊಬ್ಬನೇ ಉಳಿದಿದ್ದೇನೆ. ಇವತ್ತು ಯಾರೂ ಬರಲಿಲ್ಲ.

ಮಾರ್ಚ್ ೫, ಬುಧವಾರ

ಕಿವಿ ಕೇಳಿಸದ ಮಕ್ಕಳ ಶಾಲೆಯಿಂದ ಒಬ್ಬ ಟೀಚರ್ ಬಂದಿದ್ದರು. ನಲವತ್ತರ ಆಸುಪಾಸು. ಅವರಿಗೆ ಕಿವಿ ಕೇಳಿಸುತ್ತದೆ, ಆದರೆ ದಿನವಿಡೀ ಕೈಯಲ್ಲೇ ಮಾತಾಡಿ ಅಭ್ಯಾಸವಾಗಿಯೋ ಏನೋ ಗಂಟಲಿನಿಂದ ದನಿ ಹೊರಗೆ ಬರುವುದೇ ಇಲ್ಲ. ಚೀಲದಲ್ಲಿ ಒಂದು ಕ್ಯಾಮೆರಾ, ಒಂಬತ್ತು ಚಿಕ್ಕ ಟೇಪು. ಜೊತೆಗೆ ಶಾಲೆಯ ಪತ್ರ. ಪುಣ್ಯಕ್ಕೆ ಪತ್ರ ಗೊಣಗುವುದಿಲ್ಲ.

ಇಪ್ಪತ್ತೆರಡು ವರ್ಷದ ಹಿಂದೆ ಹಾಸ್ಟೆಲಿಗೆ ಮೊದಲು ಬಂದ ಮಕ್ಕಳಿಗೆ ಪುಸ್ತಕದ ಸನ್ನೆಭಾಷೆ ಕಲಿಸುವವರು ಯಾರೂ ಇರಲಿಲ್ಲವಂತೆ. ಮಕ್ಕಳು ತಮ್ಮತಮ್ಮಲ್ಲೇ ಒಂದು ಕೈಭಾಷೆ ಕಟ್ಟಿಕೊಂಡವಂತೆ. ಹಸಿವಿಗೊಂದು, ಜಗಳಕ್ಕೊಂದು, ವಾರ್ಡನ್ನಿಗೊಂದು. ಆಗಿನ ಹೆಡ್‌ಮಾಸ್ಟರು ಒಂದೊಂದು ಮಗುವನ್ನೂ ಎದುರು ಕೂರಿಸಿ ಅದನ್ನೆಲ್ಲ ಚಿತ್ರೀಕರಿಸಿಟ್ಟಿದ್ದಾರೆ. ಆ ಮಕ್ಕಳು ಬೆಳೆದು ಚದುರಿಹೋಗಿದ್ದಾರೆ. ಅರ್ಧ ಸನ್ನೆ ಅವರಿಗೇ ನೆನಪಿಲ್ಲ. ಈಗ ಅವುಗಳದೊಂದು ಪುಸ್ತಕ ಬರುತ್ತಿದೆ, ತಿಂಗಳ ಕೊನೆಗೆ ಅಚ್ಚಿಗೆ ಹೋಗಬೇಕು. ಈ ಟೇಪು ಬಿಟ್ಟರೆ ಬೇರೆ ಯಾವ ದಾಖಲೆಯೂ ಇಲ್ಲ.

ಬೇರೊಂದು ಅಂಗಡಿಯಲ್ಲಿ ಇನ್ನೊಂದು ಕಂಪನಿಯ ಕ್ಯಾಮೆರಾಕ್ಕೆ ಹಾಕಿದರೆ ಬರೀ ಚೌಕ ಚೌಕ ಕಂಡಿತಂತೆ. "ಕಂಪನಿ ಬೇರೆಯಾದ್ರೆ ಟೇಪ್ ಓದಲ್ವಾ ಸರ್?" ಎಂದರು. ಇಷ್ಟು ಮಾತ್ರ ಮುಖ ಎತ್ತಿ ಕೇಳಿದರು. ನಾನು ನನ್ನ ಪಾಠ ಶುರು ಮಾಡಿದೆ. ಕಂಪನಿಗಳೆಲ್ಲ ಕೂತು ಒಪ್ಪಂದ ಮಾಡಿಕೊಂಡೇ ಈ ಟೇಪ್ ತಂದದ್ದು. ಒಬ್ಬರಲ್ಲಿ ತುಂಬಿದ್ದು ಇನ್ನೊಬ್ಬರಲ್ಲಿ ಓಡಲೇಬೇಕು. ಓಡದಿದ್ದರೆ ತಪ್ಪು ಕಂಪನಿಯದಲ್ಲ, ಆ ಒಂದು ಯಂತ್ರದ್ದು. ಅದರ ಮೇಲೆ ಆ ಹೆಡ್‌ಮಾಸ್ಟರು ಉಳಿತಾಯದ ಮನುಷ್ಯ, ಅರವತ್ತು ನಿಮಿಷದ ಟೇಪಿನಲ್ಲಿ ತೊಂಬತ್ತು ನಿಮಿಷ ತುರುಕುವ ನಿಧಾನದ ವೇಗ ಬಳಸಿದ್ದಾರೆ. ಟೇಪಿನ ಮೇಲೆ ಚಿತ್ರ ಬರೆದ ಗೆರೆಗಳು ಇಕ್ಕಟ್ಟಾಗಿ ಬಿದ್ದಿರುತ್ತವೆ, ಯಂತ್ರ ಕೂದಲೆಳೆ ತಪ್ಪಿದರೂ ಚಿತ್ರ ಇಲ್ಲ.

ಆಮೇಲೆ ಅವರು ಚೀಲದೊಳಗೆ ತಲೆ ತಗ್ಗಿಸಿ ಟೇಪುಗಳನ್ನು ಒಂದೊಂದಾಗಿ ತೆಗೆಯುತ್ತ ಬಹಳ ಹೊತ್ತು ಏನೇನೋ ಹೇಳಿದರು. ಫ್ಯಾನು ತಿರುಗುತ್ತಿತ್ತು, ಹೊರಗೆ ಬಸ್ಸು. ನಾನು ತಲೆ ಆಡಿಸಿದೆ. "ಎಲ್ಲ ನನಗೆ ಬಿಡಿ ಟೀಚರ್" ಎಂದೆ. ನೆಮ್ಮದಿಯಿಂದ ಹೋದರು.

ಕ್ಯಾಮೆರಾದಲ್ಲಿ ತಂತಿ ಸಿಗಿಸುವ ಸಾಕೆಟ್ಟು ಮುರಿದಿದೆ. ಅದನ್ನು ಸರಿಮಾಡಿ, ಟೇಪುಗಳನ್ನು ನಕಲು ಮಾಡಿಕೊಡಬೇಕು. ಪತ್ರದಲ್ಲಿರುವುದು ಇಷ್ಟೇ.

ಮಾರ್ಚ್ ೬, ಗುರುವಾರ

ಇವತ್ತು ಕೈಗೆ ಹಬ್ಬ. ಸಾಕೆಟ್ಟು ಅರ್ಧ ಗಂಟೆಯ ಕೆಲಸ. ಮುಚ್ಚಳ ತೆಗೆದ ಮೇಲೆ ಒಳಗೆ ನೋಡದೆ ಮುಚ್ಚುವುದು ನನ್ನ ಜಾಯಮಾನವಲ್ಲ. ನೋಡಿದರೆ ಈ ಕ್ಯಾಮೆರಾ ಯಾವಾಗಲೋ ಕೆಳಗೆ ಬಿದ್ದಿದೆ. ಟೇಪನ್ನು ಓದುವ, ಗಿರಗಿರ ತಿರುಗುವ ಡ್ರಮ್ಮಿನ ಎರಡೂ ಪಕ್ಕ ಟೇಪನ್ನು ಎತ್ತರ ತಪ್ಪದಂತೆ ಹಿಡಿಯುವ ಎರಡು ಕಂಬಗಳಿವೆ, ನಮ್ಮ ಭಾಷೆಯಲ್ಲಿ ಗೈಡು. ಎರಡೂ ಸೊಟ್ಟ. ಇದು ಓಡುತ್ತಿತ್ತು ಎನ್ನುವುದೇ ಆಶ್ಚರ್ಯ.

ಯಂತ್ರ ಹೊಂದಿಸುವುದಕ್ಕೆಂದೇ ಕಂಪನಿ ಕೊಡುವ ಮಾದರಿ ಟೇಪು ಹಾಕಿ, ಸೂಜಿಯಂಥ ಸ್ಕ್ರೂಡ್ರೈವರಿನಲ್ಲಿ ಎರಡೂ ಗೈಡನ್ನು ಕಂಪನಿಯವರು ಹೇಳಿದ ಲೆಕ್ಕಕ್ಕೇ ಕೂರಿಸಿದೆ. ಐದು ಗಂಟೆ ಹಿಡಿಯಿತು. ಈಗ ಅದು ಹೊಸ ಯಂತ್ರ. ಕೇಳದಿದ್ದರೂ ಮಾಡಿಕೊಟ್ಟಿದ್ದೇನೆ, ಆ ಟೀಚರಿಗೆ ಗೊತ್ತೂ ಆಗುವುದಿಲ್ಲ. ಈ ಕಾಲದಲ್ಲಿ ಯಾರು ಮಾಡುತ್ತಾರೆ ಇಷ್ಟು?

ಮಾರ್ಚ್ ೭, ಶುಕ್ರವಾರ

ಮೊದಲ ಟೇಪು ಚೆನ್ನಾಗಿ ಬಂತು. ಎರಡರಿಂದ ಒಂಬತ್ತರವರೆಗೆ ಚೌಕ ಚೌಕ. ಟೇಪ್ ಓದುವ ಹೆಡ್ಡು ಒರೆಸಿದೆ. ಮತ್ತೆ ಒರೆಸಿದೆ.

ಟೇಪೇ ಹಾಳಾಗಿದೆ, ಇನ್ನೇನು.

ಮಾರ್ಚ್ ೮, ಶನಿವಾರ

ಕಪಾಟಿನಲ್ಲಿರುವ ಮೂರು ಕಂಪನಿಯ ಕ್ಯಾಮೆರಾಗಳಿಗೂ ಹಾಕಿ ನೋಡಿದೆ. ಎಲ್ಲದರಲ್ಲೂ ಒಂದೇ ಕಥೆ. ಮೊದಲನೆಯದು ಸರಿ, ಉಳಿದ ಎಂಟು ಚೌಕ.

ಬೇಡದ ಯೋಚನೆಯೊಂದು ಬಂತು. ನಾಲ್ಕು ಯಂತ್ರವೂ ಸರಿಯಾಗಿವೆ. ಸರಿಯಾಗಿರುವ ನಾಲ್ಕರಲ್ಲೂ ಓಡದ ಟೇಪು ಸರಿಯಿಲ್ಲದ ಯಂತ್ರದಲ್ಲಿ ತುಂಬಿದ್ದಾಗಿರಬೇಕು. ಆ ಯಂತ್ರ ಎಲ್ಲಿದೆ? ಮೊನ್ನೆಯವರೆಗೆ ನನ್ನ ಮೇಜಿನ ಮೇಲಿತ್ತು.

ಊಟ ಸೇರಲಿಲ್ಲ. ಇವಳು ಏನೋ ಕೇಳಿದಳು, ಹೂಂ ಎಂದೆ.

ಮಾರ್ಚ್ ೧೦, ಸೋಮವಾರ

ಟೀಚರ್ ಫೋನ್ ಮಾಡಿದ್ದರು. ಇವಳು ತೆಗೆದುಕೊಂಡು, ಫೋನನ್ನು ಕೈಯಲ್ಲಿ ಹಿಡಿದೇ ನನ್ನ ಮೇಜಿನ ಎದುರು ಬಂದು ನಿಂತಳು.

"ಒಳಗಡೆ ಯಾವ ಸ್ಕ್ರೂನೂ ಮುಟ್ಟಿಲ್ಲ ತಾನೆ ಅಂತ ಕೇಳ್ತಿದ್ದಾರೆ. ಎರಡನೇ ಟೇಪಿಗೆ ಮುಂಚೆ ಕ್ಯಾಮೆರಾ ಮೇಜಿಂದ ಬಿದ್ದಿತ್ತಂತೆ. ಆಮೇಲೆ ತುಂಬಿದ್ದೆಲ್ಲ ಅದೊಂದ್ರಲ್ಲೇ ಓಡೋದಂತೆ. ನಿಮಗೆ ಅವತ್ತೇ ಮೂರು ಸಲ ಹೇಳಿದಾರಂತಲ್ರೀ?"

ಹೇಳಲಿಲ್ಲ ಎಂದೆ. ಕೆಲಸ ನಡೆಯುತ್ತಿದೆ ಎಂದು ಹೇಳು ಎಂದೆ. ಹಾಗೇ ಹೇಳಿದಳು. ಆದರೆ ಅವಳು ನನ್ನನ್ನು ನೋಡಿದ ರೀತಿ ನನಗೆ ಹಿಡಿಸಲಿಲ್ಲ.

ಟೀಚರ್ ಹೇಳಲಿಲ್ಲ.

ಹೇಳಿದ್ದರೂ ಹೇಳಿರಬಹುದು. ಫ್ಯಾನು ತಿರುಗುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಹಾಗೆ ನಾನು ಫ್ಯಾನಿನ ಮೇಲೆ ಹಾಕುತ್ತಿದ್ದೇನೆ ಎಂದು ಯಾರಾದರೂ ಅಂದಾರು. ಅನ್ನಲಿ. ಈ ಪುಸ್ತಕವನ್ನು ಯಾರೂ ಓದುವುದಿಲ್ಲ.

ಮಾರ್ಚ್ ೧೨, ಬುಧವಾರ

ಇರುವುದು ಒಂದೇ ದಾರಿ. ಸರಿ ಮಾಡಿದ್ದನ್ನು ಮತ್ತೆ ಕೆಡಿಸಬೇಕು, ಮೊದಲು ಹೇಗೆ ಕೆಟ್ಟಿತ್ತೋ ಹಾಗೇ.

ಎಷ್ಟು ಸೊಟ್ಟವಿತ್ತು? ಬರೆದಿಟ್ಟಿಲ್ಲ. ಸ್ಕ್ರೂ ಎಷ್ಟು ಸುತ್ತು ತಿರುಗಿಸಿದೆ ಎಂದು ಎಣಿಸಿಯೂ ಇಲ್ಲ. ನಲವತ್ತು ವರ್ಷದಿಂದ ಎಲ್ಲವನ್ನೂ ಅಳೆದು ಬರೆದಿಡುವವನು ನಾನು. ಆದರೆ ಸೊಟ್ಟದ ಅಳತೆ ಯಾರಿಗೆ ಬೇಕು ಎನಿಸಿತ್ತು, ತಪ್ಪನ್ನು ತೆಗೆದು ಎಸೆಯುವುದಲ್ಲದೆ ಯಾರಾದರೂ ಅಳೆದು ಇಟ್ಟುಕೊಳ್ಳುತ್ತಾರೆಯೇ?

ಬೆಳಿಗ್ಗೆಯಿಂದ ಎಡಗಡೆ ಗೈಡನ್ನು ಕಾಲು ಸುತ್ತಿನ ಕಾಲು ಭಾಗದಷ್ಟು ತಿರುಗಿಸುವುದು, ನೋಡುವುದು, ಮತ್ತೆ ತಿರುಗಿಸುವುದು. ಎರಡು ಗೈಡು ಬೇರೆ. ಎಡಗಡೆಯದು ಹತ್ತಿರ ಬಂದರೂ ಬಲಗಡೆಯದು ತಪ್ಪಿದ್ದರೆ ಗೊತ್ತಾಗುವುದಿಲ್ಲ. ಟೇಪನ್ನು ಹೆಚ್ಚು ಸಲ ಓಡಿಸಿದರೆ ಸವೆಯುತ್ತದೆ. ನನಗೆ ಹೆದರಿಕೆಯಾಗಿದೆ. ಬರೆದೇಬಿಡುತ್ತೇನೆ: ಹೆದರಿಕೆಯಾಗಿದೆ.

ಮಾರ್ಚ್ ೧೪, ಶುಕ್ರವಾರ

ಇಲ್ಲ.

ಮಾರ್ಚ್ ೧೭, ಸೋಮವಾರ

ಬಾಗಿಲಲ್ಲಿ ಯಾರೋ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದನೋ ಗೊತ್ತಿಲ್ಲ, ತಲೆ ಎತ್ತಿದಾಗ ಕಂಡ. ಮೂವತ್ತರ ಗಟ್ಟಿ ಆಳು, ಕಿವಿಯ ಮೇಲೆ ಪೆನ್ಸಿಲು, ಅಂಗಿಯ ಮೇಲೆ ಮರದ ಪುಡಿ. ಕಿವಿಯತ್ತ ಬೆರಳು ತೋರಿಸಿ ಇಲ್ಲವೆಂದು ಕೈ ಆಡಿಸಿದ. ಆ ಶಾಲೆಯಲ್ಲಿ ಓದಿದ ಬಡಗಿ. ಹೆಡ್‌ಮಾಸ್ಟರು ಕ್ಯಾಮೆರಾವನ್ನು ಕೊನೆಗೆ ಅವನಿಗೇ ಕೊಟ್ಟಿದ್ದರಂತೆ. ಟೇಪಿನಲ್ಲಿ ಅವನೂ ಇದ್ದಾನೆ, ಎಂಟು ವರ್ಷದವನು. ಇದನ್ನೆಲ್ಲ ಚೀಟಿಯಲ್ಲಿ ಬರೆದು ತೋರಿಸಿದ.

ತನ್ನ ಕ್ಯಾಮೆರಾ ಹೊಟ್ಟೆ ಬಿಚ್ಚಿಕೊಂಡು ಮೇಜಿನ ಮೇಲೆ ಮಲಗಿರುವುದನ್ನು ನೋಡಿದ. "ರಿಪೇರಿ ನಡೀತಿದೆ" ಎಂದು ಚೀಟಿಯಲ್ಲಿ ಬರೆದೆ. ಸುಳ್ಳಲ್ಲ, ಆದರೂ ಸುಳ್ಳೇ. ಅವನು ಸ್ಟೂಲ್ ಎಳೆದುಕೊಂಡು ಕೂತ. ನಾನು ಸ್ಕ್ರೂ ತಿರುಗಿಸುವುದನ್ನೇ ಅರ್ಧ ಗಂಟೆ ನೋಡಿ, ಥಟ್ಟನೆ ನನ್ನ ಕೈ ಹಿಡಿದು ನಿಲ್ಲಿಸಿದ. ಕಿವಿಯ ಮೇಲಿನ ಪೆನ್ಸಿಲು ತೆಗೆದು ಚೂಪು ಮಾಡಿ, ಸ್ಕ್ರೂವಿನ ತಲೆಯ ಮೇಲೊಂದು ಚುಕ್ಕೆ, ಪಕ್ಕದ ಲೋಹದ ಮೇಲೊಂದು ಗೀಟು ಹಾಕಿದ. ಎಲ್ಲಿಂದ ಹೊರಟೆ ಎಂದು ಗೊತ್ತಿದ್ದರೆ ತಾನೆ ವಾಪಸ್ ಬರುವುದಕ್ಕೆ? ಐದು ದಿನದಿಂದ ಹೆದರಿಕೆಯಲ್ಲಿ ಅಷ್ಟೂ ಹೊಳೆದಿರಲಿಲ್ಲ ನನಗೆ.

ಒಂದು ಗಂಟೆ ಇದ್ದ. ಒಂದೂ ಮಾತಿಲ್ಲ. ವಿಚಿತ್ರವೆಂದರೆ ಎಷ್ಟೋ ದಿನದ ಮೇಲೆ ಒಬ್ಬರು ಹೇಳಿದ್ದೆಲ್ಲ ನನಗೆ ಪೂರ್ತಿ ತಿಳಿಯಿತು. ಹೋಗುವಾಗ ಎದೆ ಮುಟ್ಟಿಕೊಂಡು ಹೋದ. ಧನ್ಯವಾದ ಎಂದಿರಬೇಕು. ಅದು ಮಾತ್ರ ಚುಚ್ಚಿತು.

ಮಾರ್ಚ್ ೨೦, ಗುರುವಾರ

ಬಂತು! ಮಧ್ಯಾಹ್ನ ಹನ್ನೆರಡೂವರೆಗೆ, ಐದನೇ ಟೇಪಿನಲ್ಲಿ, ಚೌಕಗಳ ನಡುವೆ ಒಂದು ಪಟ್ಟಿ ತಿಳಿಯಾಯಿತು. ಬಲಗಡೆ ಗೈಡನ್ನು ಪೆನ್ಸಿಲ್ ಗೀಟಿನಿಂದ ಒಂದು ಎಳೆ ಆಚೆ ತಳ್ಳಿದೆ. ಎರಡು ಜಡೆಯ ಹುಡುಗಿಯೊಬ್ಬಳ ಹಣೆ ಬಂತು, ಕಣ್ಣು ಬಂತು, ಆಮೇಲೆ ಇಡೀ ಹುಡುಗಿ ಬಂದಳು. ಎರಡೂ ಕೈಯೆತ್ತಿ ಏನೋ ತೋರಿಸಿ ಪಕ್ಕಕ್ಕೆ ತಿರುಗಿ ನಕ್ಕಳು. ಈ ವಯಸ್ಸಿನಲ್ಲಿ ಕುರ್ಚಿ ಬಿಟ್ಟು ಎದ್ದು ಕುಣಿಯುವುದೊಂದು ಬಾಕಿ ಇತ್ತು.

ಆದರೆ ಧ್ವನಿ ಇಲ್ಲ. ಟೀವಿಯ ಗುಂಡಿಯನ್ನು ಪೂರ್ತಿ ತಿರುಗಿಸಿದರೂ ಇಲ್ಲ. ಈ ಟೇಪುಗಳಲ್ಲಿ ಪ್ರತಿ ಗೆರೆಯಲ್ಲೂ ಧ್ವನಿ ಮೊದಲಿಗೆ ಕೂತಿರುತ್ತದೆ, ಚಿತ್ರ ಅದರ ಹಿಂದೆ. ಅಂದರೆ ಗೆರೆಯ ಆರಂಭವನ್ನು ಹಿಡಿಯುವ ಎಡಗಡೆ ಗೈಡು ಇನ್ನೂ ಸ್ವಲ್ಪ ತಪ್ಪಿದೆ. ಕಿವುಡ ಮಕ್ಕಳ ಟೇಪಿಗೆ ಧ್ವನಿ ಯಾಕೆ ಎಂದು ಬಿಡಬಹುದು. ಅರ್ಧ ಕೆಲಸ ಕೊಟ್ಟು ನನಗೆ ಗೊತ್ತಿಲ್ಲ. ನಾಳೆ ನೋಡುತ್ತೇನೆ.

ಮಾರ್ಚ್ ೨೧, ಶುಕ್ರವಾರ

ಬೆಳಿಗ್ಗೆ ಎಡಗಡೆ ಗೈಡನ್ನು ಒಂದೆಳೆ ಏರಿಸಿದೆ. ಚಿತ್ರ ಒಡೆಯಿತು, ಧ್ವನಿ ಬರಲಿಲ್ಲ. ಗೀಟಿಗೆ ವಾಪಸ್. ಇಳಿಸಿದೆ. ಮತ್ತೆ ಒಡೆಯಿತು. ಗೀಟಿಗೆ ವಾಪಸ್ ತರುವಾಗ ಚಿತ್ರ ಒಂದು ಕ್ಷಣ ಮರಳಲಿಲ್ಲ. ಆಮೇಲೆ ಬಂತು. ಹನ್ನೊಂದು ಗಂಟೆಗೆ, ಇನ್ನೊಂದೇ ಒಂದು ಸಲ ಎಂದು ಸ್ಕ್ರೂಡ್ರೈವರ್ ಇಟ್ಟೆ.

ಇವಳು ಟೀ ಹಿಡಿದು ಬಾಗಿಲಿಗೆ ಬಂದವಳು ಅಲ್ಲೇ ನಿಂತಳು. ಮುಖ ಅರಳಿತ್ತು. ಎಷ್ಟು ತಿಂಗಳಾಯಿತೋ ಆ ಮುಖ ನೋಡಿ.

"ಯಾರ ಮಕ್ಕಳ್ರೀ ಇವು? ಎಷ್ಟು ಜೋರಾಗಿ ನಗ್ತಾವೆ! ಬೀದಿಗೆಲ್ಲ ಕೇಳಿಸ್ತಿದೆ."

ಪರದೆ ನೋಡಿದೆ. ಐದಾರು ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದವು. ನನಗೆ ಕೇಳಿಸುತ್ತಿದ್ದದ್ದು ಫ್ಯಾನು, ಹೊರಗಿನ ಬಸ್ಸು. ಟೀವಿಯ ಸ್ಪೀಕರಿನ ಮೇಲೆ ಅಂಗೈ ಇಟ್ಟೆ. ನಡುಗುತ್ತಿತ್ತು.

ಅಂದರೆ ಧ್ವನಿ ನಿನ್ನೆಯೇ ಬಂದಿತ್ತು. ಇದ್ದ ಧ್ವನಿಯನ್ನು ಹುಡುಕುತ್ತ ನಾನು ಎರಡನೇ ಸಲ ಆ ಎಂಟು ಟೇಪನ್ನು ಕಳೆದುಬಿಡುವವನಿದ್ದೆ.

ಸ್ಕ್ರೂಡ್ರೈವರ್ ಕೆಳಗಿಟ್ಟೆ. ಇವಳು ನನ್ನ ಕೈ, ಸ್ಪೀಕರು, ನನ್ನ ಮುಖ ನೋಡಿದಳು. ಟೀ ಇಟ್ಟು ಪಕ್ಕದಲ್ಲಿ ಕೂತು ಮಕ್ಕಳನ್ನು ನೋಡುತ್ತ ಅವಳೂ ನಕ್ಕಳು. ನಾನು ಅವಳನ್ನು ನೋಡಿ ನಗು ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಎಂದು ತಿಳಿದುಕೊಂಡೆ.

ಮಾರ್ಚ್ ೨೨, ಶನಿವಾರ

ಎರಡು, ಮೂರು, ನಾಲ್ಕು, ಐದು ನಕಲಾಯಿತು. ಇವಳು ಕೂತು ಧ್ವನಿ ನೋಡಿಕೊಂಡಳು. ತುಂಡಾದರೆ ನನ್ನ ತೋಳು ಮುಟ್ಟು ಎಂದಿದ್ದೆ. ಎರಡು ಸಲ ಮುಟ್ಟಿದಳು. ಎರಡು ಸಲವೂ ನಿಜವಾಗಿ ತುಂಡಾಗಿತ್ತು.

ಮಾರ್ಚ್ ೨೩, ಭಾನುವಾರ

ಒಂಬತ್ತೂ ಆಯಿತು. ಸ್ಕ್ರೂಗಳ ಮೇಲೆ ಒಂದೊಂದು ತೊಟ್ಟು ಅಂಟು ಬಿಟ್ಟು, ಸೊಟ್ಟದ ಅಳತೆಯನ್ನು ಚೀಟಿಯಲ್ಲಿ ಬರೆದು ಮುಚ್ಚಳದ ಒಳಗೆ ಅಂಟಿಸಿದ್ದೇನೆ. ಮುಂದೆ ನನ್ನಂಥ ಜಾಣನೊಬ್ಬನ ಕೈಗೆ ಸಿಕ್ಕರೆ ಇರಲಿ.

ಕೊಟ್ಟು ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ.

ಮಾರ್ಚ್ ೨೪, ಸೋಮವಾರ

ಟೀಚರ್, ಬಡಗಿ ಇಬ್ಬರೂ ಬಂದರು. ನಕಲು ನೋಡಿದರು. ತನ್ನ ಸರದಿ ಬಂದಾಗ ಬಡಗಿ ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋದ. ಎಂಟು ವರ್ಷದ ಅವನು ಏನೋ ಸನ್ನೆ ಮಾಡಿದ. ಮೂವತ್ತರ ಅವನಿಗೆ ಅದು ಏನೆಂದು ನೆನಪಾಗಲಿಲ್ಲ. ಮೂರು ಸಲ ಹಿಂದಕ್ಕೆ ಓಡಿಸಿ ನೋಡಿದ ಮೇಲೆ ಅವನ ಕೈ ತಾನಾಗಿಯೇ ಅದನ್ನು ಮಾಡಿತು. ಮುಖ ಮುಚ್ಚಿಕೊಂಡುಬಿಟ್ಟ. ಆಮೇಲೆ ಟೀಚರಿಗೆ ಕೈಯಲ್ಲೇ ಬಿಡಿಸಿ ಹೇಳಿದ. "ಮಳೆ ನಿಂತ ಮೇಲೆ ಆಟಕ್ಕೆ ಬಿಡ್ತಾರೆ, ಅಂತ" ಎಂದು ಟೀಚರ್ ಹೇಳಿದರು. ಇಷ್ಟಕ್ಕೆಲ್ಲ ಒಂದೇ ಸನ್ನೆ.

ಇದನ್ನು ನೋಡಿದ ಮೇಲೆ ಸುಮ್ಮನಿರಲಾಗಲಿಲ್ಲ. ಹೇಳಿಬಿಟ್ಟೆ. ಅವತ್ತು ನೀವು ಹೇಳಿದ್ದು ನನಗೆ ಕೇಳಿಸಲಿಲ್ಲ, ಕೇಳಿಸಿದವನಂತೆ ತಲೆ ಆಡಿಸಿದೆ, ಒಳಗೆ ಎಲ್ಲವನ್ನೂ ಬಿಚ್ಚಿ ತಿರುಗಿಸಿದೆ ಎಂದೆ.

ಟೀಚರ್ ಮುಖ ಕೆಂಪಾಯಿತು. "ಮೂರು ಸಲ ಹೇಳಿದ್ದೆ ಸರ್. ಎಂಟು ಟೇಪು! ಹೋಗಿಬಿಟ್ಟಿದ್ರೆ ಈ ಮಕ್ಕಳಿಗೆ ನಾನು ಏನು ಹೇಳಬೇಕಿತ್ತು? ಇನ್ನೊಂದ್ಸಲ ಹೇಳಿ ಅಂತ ಒಂದು ಮಾತು ಕೇಳೋಕೆ ಏನಾಗಿತ್ತು ನಿಮಗೆ?"

ನಾಚಿಕೆಯಾಗಿತ್ತು ಎಂದೆ.

ಬಡಗಿ ಅವರ ತೋಳು ತಟ್ಟಿ ಏನೆಂದು ಕೇಳಿದ. ಅವರು ಸಿಟ್ಟಿನಲ್ಲೇ ಕೈಯಾಡಿಸಿ ಹೇಳಿದರು. ನಾನು ಬೈಗುಳಕ್ಕೆ ತಯಾರಾಗಿ ನಿಂತೆ. ಅವನು ನನ್ನನ್ನು ಒಂದು ಕ್ಷಣ ನೋಡಿ, ಹೊಟ್ಟೆ ಹಿಡಿದುಕೊಂಡು ನಗಲು ಶುರು ಮಾಡಿದ. ಆಮೇಲೆ ಬಡಬಡನೆ ಕೈಯಲ್ಲಿ ಏನೋ ಹೇಳಿದ. ಟೀಚರ್ ತಡೆದು ತಡೆದು, ಕೊನೆಗೆ ತಾವೂ ನಗು ತಡೆಯಲಾರದೆ ಹೇಳಿದರು:

"ಇವನೂ ಕೆಲಸಕ್ಕೆ ಸೇರಿದ ಹೊಸದ್ರಲ್ಲಿ ಯಜಮಾನ ಏನು ಅಂದ್ರೂ ತಲೆ ಆಡಿಸ್ತಿದ್ನಂತೆ. ಕಿಟಕಿ ಮಾಡು ಅಂದ್ರೆ ಬಾಗಿಲು ಮಾಡಿ ಕೂರಿಸಿದ್ನಂತೆ. ಎರಡನೇ ಮಹಡೀಲಿ! ತೆಗೆದ್ರೆ ನೇರ ರಸ್ತೆಗೆ. ತಲೆ ಆಡಿಸೋದ್ರಲ್ಲಿ ನೀವಿನ್ನೂ ಎಳಸು ಅಂತಿದ್ದಾನೆ."

ಬಡಗಿ ನಾಲ್ಕನೇ ಟೇಪು ಹಾಕಿಸಿ ಒಂದು ಸನ್ನೆ ತೋರಿಸಿದ. ತೋರುಬೆರಳನ್ನು ಕೊಕ್ಕೆ ಮಾಡಿ ತನ್ನ ಕಡೆಗೆ ಎರಡು ಸಲ ಎಳೆಯುವುದು. ತಿಳಿಯಲಿಲ್ಲ, ಇನ್ನೊಂದು ಸಲ ಹೇಳು ಎಂದು ಅರ್ಥ. ಆ ಮಕ್ಕಳು ಮೊಟ್ಟಮೊದಲು ಕಟ್ಟಿಕೊಂಡ ಸನ್ನೆ ಅದೇ ಅಂತೆ. ನನ್ನ ಬೆರಳನ್ನು ಹಿಡಿದು ಬಗ್ಗಿಸಿ, ಬರುವವರೆಗೂ ಬಿಡಲಿಲ್ಲ.

ಮಾರ್ಚ್ ೨೫, ಮಂಗಳವಾರ

ಬೆಳಿಗ್ಗೆ ಅಂಗಡಿ ತೆಗೆಯಲಿಲ್ಲ. ಗುರುವಾರ ಹತ್ತು ಗಂಟೆಗೆ ಕಿವಿಯ ಡಾಕ್ಟರು. ಇವಳೇ ಫೋನ್ ಮಾಡಿ ಗೊತ್ತುಮಾಡಿದಳು.

ಆಮೇಲೆ ಅಡುಗೆಮನೆಯಲ್ಲಿ ಅವಳು ಬೆನ್ನು ತಿರುಗಿಸಿ ಪಾತ್ರೆ ಒರೆಸುತ್ತಿದ್ದಳು. ಭುಜ ಅಲುಗುವುದನ್ನು ನೋಡಿ ಏನೋ ಹೇಳುತ್ತಿದ್ದಾಳೆ ಎಂದು ತಿಳಿಯಿತು. ಹತ್ತಿರ ಹೋಗಿ ಎದುರು ನಿಂತು ಬೆರಳನ್ನು ಎರಡು ಸಲ ಎಳೆದೆ. ನಿನ್ನೆಯದನ್ನೆಲ್ಲ ಅವಳಿಗೆ ಹೇಳಿದ್ದೆನಾದ್ದರಿಂದ ಅರ್ಥ ಗೊತ್ತಿತ್ತು.

"ಆ ಟೀಚರಿಗೆ ತಲೆ ಆಡಿಸಿದ ಹಾಗೆ ನನಗೂ ಆಡಿಸಿದ್ದೀರಾ, ಅಂತ ಕೇಳಿದೆ" ಎಂದಳು.

ಎಷ್ಟೋ ಸಲ ಎಂದೆ. ಎರಡು ವರ್ಷದಿಂದ.

ಅವಳು ಒರೆಸುವ ಬಟ್ಟೆಯನ್ನು ಮಡಚಿದಳು. ಬಿಚ್ಚಿದಳು. ಮತ್ತೆ ಮಡಚಿದಳು.

"ಹೋದ ವರ್ಷ ಒಂದಿನ ನೀವು ಮೇಜಿನ ಹತ್ರ ಕೂತು ಏನೋ ಬಿಚ್ತಾ ಇದ್ರಿ. ನಾನು ಬಾಗಿಲಲ್ಲಿ ನಿಂತು ಒಂದು ಮಾತು ಕೇಳಿದ್ದೆ. ನನ್ನ ಕಂಡ್ರೆ ನಿಮಗೆ ಬೇಜಾರಾಗಿಬಿಟ್ಟಿದೆಯಾ, ಅಂತ. ನೀವು ತಲೆ ಎತ್ತಲಿಲ್ಲ. ಹೂಂ ಅಂದ್ರಿ."

ನನಗೆ ಅಂಥ ದಿನವೇ ನೆನಪಿಲ್ಲ. ನೆನಪಿರುವುದಕ್ಕೆ ಕೇಳಿಸಿರಬೇಕಲ್ಲ. ಒಂದು ವರ್ಷ ಇವಳು ಆ ಹೂಂ ಎಂಬುದನ್ನು ಒಳಗಿಟ್ಟುಕೊಂಡು ಟೀ ತಂದಿಡುತ್ತಿದ್ದಳು. ಅಲ್ಲೇ ಸ್ಟೂಲಿನ ಮೇಲೆ ಕೂತೆ. ಬೆರಳನ್ನು ಕೊಕ್ಕೆ ಮಾಡಿ ಎರಡು ಸಲ ಎಳೆದೆ.

ಅವಳು ಇನ್ನೊಂದು ಸ್ಟೂಲನ್ನು ಕಿಟಕಿಯ ಬೆಳಕಿಗೆ ಎಳೆದುಕೊಂಡು, ಮುಖಕ್ಕೆ ಮುಖ ಕೊಟ್ಟು ಕೂತಳು. ಅದೇ ಮಾತನ್ನು ನಿಧಾನವಾಗಿ ಮತ್ತೆ ಕೇಳಿದಳು.

ಇಲ್ಲ ಎಂದೆ.